ಓಗೊಡುವ ಮನೆ

(ಬಾನುಲಿ ಭಾಷಣ)

ಓಗೊಡುವುದು ಎಂಬ ಕ್ರಿಯಾಪದ ಕನ್ನಡದ ಹಳೆಯ ಸೊತ್ತು. ದೂರದಿಂದ ಯಾರೋ ಕೂಗಿ ಕರೆಯುತ್ತಾರೆ. ಕೇಳಿದವನು ತಾನಿರುವ ಕಡೆಯಿಂದಲೇ ‘ಓ’ ಎನ್ನುತ್ತಾನೆ. ಅಷ್ಟರಿಂದಲೇ ಇಬ್ಬರಿಗೂ ತಿಳಿಯಬೇಕಾದುದು ತಿಳಿಯಿತು: ಅಲ್ಲಿ ಒಬ್ಬನಿದ್ದಾನೆ, ಅವನ ಕಿವಿ ತೆರೆದಿದೆ, ಮಾತು ಮುಂದುವರಿಯಬಹುದು. ಕರೆಯುವುದಕ್ಕೆ ಗಂಟಲಿದ್ದರೆ ಸಾಕು. ಓಗೊಡುವುದಕ್ಕೆ ಮಾತ್ರ ಒಬ್ಬನು ಒಂದೆಡೆ ನೆಲೆಯಾಗಿ ಇರಬೇಕು, ಕಾದಿರಬೇಕು. ಈ ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಆದರೆ ಇಂದು ನಾನು ಹೇಳಹೊರಟಿರುವ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಮನೆಯಲ್ಲಿ ಇಟ್ಟುಕೊಂಡ ಗಣಕಯಂತ್ರಕ್ಕೆ, ಹೊರಗಿನಿಂದ ದೂರವಾಣಿಯಲ್ಲಿ ಬಂದ ಕರೆಗೆ ತಾನೇ ಓಗೊಡುವುದನ್ನು ಜನ ಕಲಿಸಿದ ಕಾಲವೊಂದಿತ್ತು. ಅದು 1978ರಲ್ಲಿ ಮೊದಲಾಗಿ, ಸುಮಾರು ಇಪ್ಪತ್ತು ವರ್ಷ ಹುಲುಸಾಗಿ ನಡೆದು, ಯಾವ ಗದ್ದಲವೂ ಇಲ್ಲದೆ ಮುಗಿದುಹೋಯಿತು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಯಂತ್ರಗಳ ಗೊಡವೆ ಏಕೆಂದು ಕೇಳುವವರು ಇರಬಹುದು. ಯಂತ್ರದ ಒಳಗು ನನ್ನ ವಿಷಯವಲ್ಲ, ನಿಜ. ಆದರೆ ಮನೆ, ಬಾಗಿಲು, ಅತಿಥಿ, ಇವು ಸಾಹಿತ್ಯದ ವಿದ್ಯಾರ್ಥಿಗೆ ಹೊರಗಿನ ವಿಷಯಗಳೆಂದು ಯಾರೂ ಹೇಳಲಾರರು. ನಮ್ಮ ಹಳೆಯ ಮನೆಗಳಿಗೆ ಜಗುಲಿ ಎಂಬುದೊಂದಿತ್ತು. ಅದು ಬೀದಿಯೂ ಅಲ್ಲ, ಒಳಮನೆಯೂ ಅಲ್ಲ. ದಾರಿಹೋಕನು ಯಾರನ್ನೂ ಕೇಳದೆ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ನೀರು ಕೇಳಿದರೆ ಜೊತೆಗೆ ಬೆಲ್ಲವೂ ಬರುತ್ತಿತ್ತು. ಹೊಸ್ತಿಲು ದಾಟಬೇಕಾದರೆ ಮಾತ್ರ ಯಜಮಾನನ ಒಪ್ಪಿಗೆ ಬೇಕಾಗಿತ್ತು. ದೂರವಾಣಿಗೆ ಓಗೊಡುವ ಗಣಕವನ್ನು ಮನೆಯಲ್ಲಿ ಹೂಡಿದವರು, ಅರಿತೋ ಅರಿಯದೆಯೋ, ತಂತಿಯ ತುದಿಯಲ್ಲಿ ಇಂಥದೊಂದು ಜಗುಲಿಯನ್ನು ಕಟ್ಟುತ್ತಿದ್ದರು ಎಂದು ನನಗೆ ತೋರುತ್ತದೆ.

ಈ ವ್ಯವಹಾರದ ಒಂದು ಮಗ್ಗುಲು ನಮ್ಮಲ್ಲಿ ಅನೇಕರಿಗೆ ಪರಿಚಿತವೇ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರ್ಜಾಲದ ಸೇವೆಯನ್ನು ಭಾರತದ ಸಾರ್ವಜನಿಕರಿಗೆ ತೆರೆಯಿತು. ಅನಂತರದ ಹಲವು ವರ್ಷ, ನಮ್ಮ ನಗರಗಳ ಕೆಲವು ಮನೆಗಳಲ್ಲಿ ಸಂಜೆಯ ಹೊತ್ತು ಒಂದು ವಿಚಿತ್ರವಾದ ಸದ್ದು ಕೇಳಿಬರುತ್ತಿತ್ತು: ಮೊದಲು ದೂರವಾಣಿಯ ಅಂಕಿಗಳ ಸ್ವರ, ಆಮೇಲೆ ಒಂದು ಉದ್ದನೆಯ ಸಿಳ್ಳು, ಆಮೇಲೆ ತಗಡಿನ ಮೇಲೆ ಮರಳು ಸುರಿದಂಥ ಗರಗರ ಶಬ್ದ. ಆ ಶಬ್ದ ನಿಂತರೆ ಸಂಪರ್ಕ ಕೂಡಿತೆಂದು ಅರ್ಥ. ಆಗ ಕರೆದವರು ನಾವು. ಆ ಕಡೆ ಓಗೊಟ್ಟದ್ದು ಯಾವುದೋ ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ್ದ ಯಂತ್ರಗಳು. ಓಗೊಡುವುದೂ ಒಂದು ಮನೆಯಿಂದಲೇ ಆಗಬಹುದೆಂಬುದು ಇಲ್ಲಿ ಹೆಚ್ಚು ಜನಕ್ಕೆ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಕಾರಣವೂ ಉಂಟು. ಒಂದು ದೂರವಾಣಿಗಾಗಿ ವರ್ಷಗಟ್ಟಲೆ ಕಾದಿದ್ದ ಮನೆಗಳವರು ನಾವು. ಸ್ಥಳೀಯ ಕರೆಗೂ ನಮ್ಮಲ್ಲಿ ನಿಮಿಷಗಳ ಲೆಕ್ಕದ ಮೀಟರು ಓಡುತ್ತಿತ್ತು. ಅಮೆರಿಕದ ಬಹಳಷ್ಟು ಊರುಗಳಲ್ಲಿ ತಿಂಗಳ ಬಾಡಿಗೆ ಕೊಟ್ಟರೆ ಊರೊಳಗಿನ ಕರೆಗೆ ಬೇರೆ ಲೆಕ್ಕವಿರಲಿಲ್ಲ. ಜಗುಲಿಗೆ ಹೋಗಿಬರುವುದಕ್ಕೂ ಸುಂಕ ಕೊಡಬೇಕೆಂದಾದರೆ ಅಲ್ಲಿ ಕುಳಿತುಕೊಳ್ಳುವವರು ಯಾರು? ಆದ್ದರಿಂದ ಈ ಕಥೆ ಅಲ್ಲಿನದು. ನಮ್ಮವನೊಬ್ಬ ಅದರೊಳಗೆ ಬರುವುದು ಸ್ವಲ್ಪ ತಡವಾಗಿ.

ದೂರವಾಣಿಯ ತಂತಿ ಹುಟ್ಟಿದ್ದು ಮನುಷ್ಯನ ಧ್ವನಿಗಾಗಿ. ಸುಮಾರು 300 ಹರ್ಟ್ಸ್‌ನಿಂದ 3400 ಹರ್ಟ್ಸ್‌ವರೆಗಿನ ಕಂಪನಗಳಿಗೆ ಮಾತ್ರ ಅದರಲ್ಲಿ ದಾರಿ. ಗಣಕದ ಮಾತಾದರೋ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳದ್ದು. ಈ ಅಂಕಿಗಳನ್ನು ಸ್ವರಗಳಾಗಿ ಮಾಡಿ ತಂತಿಗೆ ಬಿಡುವ, ಆ ತುದಿಯಲ್ಲಿ ಸ್ವರಗಳನ್ನು ಮರಳಿ ಅಂಕಿಗಳಾಗಿ ಮಾಡುವ ಪೆಟ್ಟಿಗೆಗೆ ಮೋಡೆಮ್ ಎಂದು ಹೆಸರು. ಅಮೆರಿಕದ ಬೆಲ್ ಸಂಸ್ಥೆಯು 1960ರ ದಶಕದಲ್ಲಿ ಬಳಕೆಗೆ ತಂದ ಬೆಲ್ 103 ಎಂಬ ಪದ್ಧತಿಯಲ್ಲಿ, ಕರೆದ ಯಂತ್ರ 1070 ಮತ್ತು 1270 ಹರ್ಟ್ಸ್‌ಗಳ ಎರಡು ಸ್ವರಗಳಲ್ಲಿ ಮಾತನಾಡುತ್ತದೆ. ಓಗೊಟ್ಟ ಯಂತ್ರ 2025 ಮತ್ತು 2225 ಹರ್ಟ್ಸ್‌ಗಳಲ್ಲಿ. ಕರೆದವನದು ಕೆಳಗಿನ ದನಿ, ಓಗೊಟ್ಟವನದು ಮೇಲಿನ ದನಿ. ಆದ್ದರಿಂದ ಇಬ್ಬರೂ ಏಕಕಾಲಕ್ಕೆ ಮಾತನಾಡಿದರೂ ಮಾತು ಕಲಸಿಹೋಗುವುದಿಲ್ಲ. ಇನ್ನೂ ಒಂದು ವಿಶೇಷ: ಕರೆ ಕೂಡಿದೊಡನೆ ಮೊದಲು ದನಿಯೆತ್ತಬೇಕಾದವನು ಓಗೊಟ್ಟವನು. ಅವನ ಸ್ವರ ಕಿವಿಗೆ ಬಿದ್ದ ಮೇಲೆಯೇ ಕರೆದವನು ತನ್ನ ಸ್ವರವನ್ನು ಹೊರಡಿಸಬೇಕು. ಯಾರು ಅತಿಥಿ, ಯಾರು ಮನೆಯವನು ಎಂಬುದು ಈ ಯಂತ್ರಗಳಲ್ಲಿ ದನಿಯಿಂದಲೇ ತಿಳಿಯುವಂತಿತ್ತು. ಇದು ನನಗೆ ಬಹಳ ಸೊಗಸಾಗಿ ಕಂಡಿದೆ.

ವೇಗವೆಷ್ಟು ಎಂದರೆ ಕ್ಷಣಕ್ಕೆ 300 ಬಿಟ್, ಅಂದರೆ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ. ಒಂದೂವರೆ ಸಾವಿರ ಅಕ್ಷರಗಳ ಒಂದು ಪುಟ ಬರುವುದಕ್ಕೆ ಐವತ್ತು ಸೆಕೆಂಡು. ಓದುವ ಕಣ್ಣಿಗೂ ಬರೆಯುವ ತಂತಿಗೂ ಆಗ ಸುಮಾರಾಗಿ ಒಂದೇ ನಡಿಗೆ.

ಸ್ವರದ ತೊಡಕಿಗಿಂತ ಒಡೆತನದ ತೊಡಕು ದೊಡ್ಡದಾಗಿತ್ತು. ಅಮೆರಿಕದಲ್ಲಿ ಬಹುಕಾಲ ಮನೆಯೊಳಗಿನ ದೂರವಾಣಿ ಮನೆಯವನದಾಗಿರಲಿಲ್ಲ, ಕಂಪನಿಯದಾಗಿತ್ತು. ಅದಕ್ಕೆ ಹೊರಗಿನ ಯಾವ ವಸ್ತುವನ್ನೂ ತಗುಲಿಸಬಾರದೆಂದು ನಿಯಮ. ಹಷ್-ಎ-ಫೋನ್ ಎಂಬ ಒಂದು ಸಾಧನವಿತ್ತು. ಆಡಿದ ಮಾತು ಪಕ್ಕದವರಿಗೆ ಕೇಳದಂತೆ ದೂರವಾಣಿಯ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥದು, ಅಷ್ಟೇ. ಅದನ್ನೂ ಕಂಪನಿ ವಿರೋಧಿಸಿತು. 1956ರಲ್ಲಿ ನ್ಯಾಯಾಲಯ ಬಟ್ಟಲಿನ ಪರವಾಗಿ ತೀರ್ಪಿತ್ತಿತು. ಆಮೇಲೆ 1968ರಲ್ಲಿ, ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬವನು ರೇಡಿಯೋ ಮಾತನ್ನು ದೂರವಾಣಿಗೆ ಕೂಡಿಸುವ ಕಾರ್ಟರ್‌ಫೋನ್ ಎಂಬ ತನ್ನ ಉಪಕರಣಕ್ಕಾಗಿ ಹೋರಾಡಿದ. ಅಲ್ಲಿನ ಸಂಪರ್ಕ ಆಯೋಗವು, ಜಾಲಕ್ಕೆ ಕೇಡಾಗದಿದ್ದರೆ ಹೊರಗಿನ ಉಪಕರಣವನ್ನು ಕೂಡಿಸಬಹುದೆಂದು ಹೇಳಿತು. ಕಂಪನಿಯವರು ಅಷ್ಟಕ್ಕೇ ಬಿಡಲಿಲ್ಲ; ನಡುವೆ ನಮ್ಮದೇ ರಕ್ಷಣೆಯ ಪೆಟ್ಟಿಗೆಯೊಂದು ಇರಬೇಕೆಂದರು. ಆ ಕಟ್ಟು ಸಡಿಲವಾದದ್ದು 1970ರ ದಶಕದ ಉತ್ತರಾರ್ಧದಲ್ಲಿ. ನಮ್ಮ ದೇಶದಲ್ಲಿಯೂ 1885ರ ತಂತಿ ಕಾಯಿದೆಯ ಪ್ರಕಾರ ತಂತಿಯ ಹಕ್ಕೆಲ್ಲ ಸರಕಾರದ್ದೇ ಆಗಿತ್ತು. ಅದರ ಸ್ಥಾನದಲ್ಲಿ ಹೊಸ ಕಾಯಿದೆ ಬಂದದ್ದು 2023ರಲ್ಲಿ.

ಈ ನಿಯಮಗಳ ಕಾಲದಲ್ಲಿ ಜನ ಒಂದು ಉಪಾಯ ಹೂಡಿದ್ದರು. ಎರಡು ರಬ್ಬರ್ ಬಟ್ಟಲುಗಳಿರುವ ಒಂದು ಪೆಟ್ಟಿಗೆ. ದೂರವಾಣಿಯ ಕೈಹಿಡಿಯನ್ನು ಅದರಲ್ಲಿ ಬೋರಲಾಗಿ ಒತ್ತಿ ಮಲಗಿಸುವುದು. ಪೆಟ್ಟಿಗೆ ಬಟ್ಟಲಿನೊಳಗೆ ಸಿಳ್ಳು ಹಾಕುತ್ತದೆ, ದೂರವಾಣಿ ಅದನ್ನು ಮನುಷ್ಯನ ಮಾತೆಂದೇ ಭಾವಿಸಿ ಸಾಗಿಸುತ್ತದೆ. ತಂತಿಗೆ ತಂತಿ ಮುಟ್ಟಲಿಲ್ಲ, ಆದ್ದರಿಂದ ನಿಯಮವೂ ಮುರಿಯಲಿಲ್ಲ! ಆದರೆ ಈ ಉಪಾಯ ಕರೆಯುವವನಿಗೆ ಒದಗೀತೇ ಹೊರತು ಓಗೊಡುವವನಿಗೆ ಒದಗದು. ಗಂಟೆ ಬಾರಿಸಿದಾಗ ಕೈಹಿಡಿಯನ್ನು ಎತ್ತಿ ಬಟ್ಟಲಿನಲ್ಲಿ ಇಡುವುದಕ್ಕೆ ಒಬ್ಬ ಮನುಷ್ಯ ಬೇಕು. ಯಂತ್ರ ತಾನಾಗಿ ಓಗೊಡಬೇಕಾದರೆ, ತಂತಿಯಲ್ಲಿ ಬರುವ ಗಂಟೆಯ ವಿದ್ಯುತ್ತನ್ನು, ಅಮೆರಿಕದಲ್ಲಿ ಅದು ಸುಮಾರು 90 ವೋಲ್ಟು, ತಾನೇ ಗುರುತಿಸಿ ತಂತಿಯನ್ನು ತಾನೇ ಎತ್ತಿಕೊಳ್ಳಬೇಕು. ಹೀಗೆ ಬಟ್ಟಲಿನ ಮೊಕದ್ದಮೆಗೂ ನಮ್ಮ ಕಥೆಗೂ ನೇರವಾದ ನಂಟು.

ಇನ್ನು ಷಿಕಾಗೋ ನಗರಕ್ಕೆ ಬರೋಣ. 1978ರ ಜನವರಿಯಲ್ಲಿ ಅಲ್ಲಿ ಭಾರಿ ಹಿಮ ಬಿದ್ದು ಜನ ಮನೆಗಳಲ್ಲಿ ಸಿಕ್ಕಿಕೊಂಡರು. ಐ.ಬಿ.ಎಂ. ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ವಾರ್ಡ್ ಕ್ರಿಸ್ಟೆನ್ಸೆನ್ ಹೀಗೆ ಸಿಕ್ಕಿಕೊಂಡವರಲ್ಲಿ ಒಬ್ಬ. ಅವನ ಗೆಳೆಯ ರ್‍ಯಾಂಡಿ ಸೂಸ್. ಇಬ್ಬರೂ ಅಲ್ಲಿನ ಗಣಕ ಹವ್ಯಾಸಿಗಳ ಸಂಘದ ಸದಸ್ಯರು. ಸಂಘಗಳ ಕೋಣೆಗಳಲ್ಲಿ ಬಿರಟೆಮರದ ಹಲಗೆಯೊಂದನ್ನು ತೂಗುಹಾಕಿ ಅದಕ್ಕೆ ಚೀಟಿಗಳನ್ನು ಚುಚ್ಚುವ ವಾಡಿಕೆಯನ್ನು ತಾವು ಕಂಡಿರಬಹುದು: ಇಂಥ ವಸ್ತು ಮಾರಾಟಕ್ಕಿದೆ, ಮುಂದಿನ ಸಭೆ ಇಂಥ ದಿನ, ಇತ್ಯಾದಿ. ಆ ಹಲಗೆಯನ್ನು ಗಣಕದೊಳಗೆ ಇಟ್ಟು, ಸದಸ್ಯರು ತಂತಮ್ಮ ಮನೆಗಳಿಂದ ದೂರವಾಣಿಯಲ್ಲೇ ಬಂದು ಓದಿ ಬರೆದು ಹೋಗುವಂತಾದರೆ? ಗೆಳೆಯರಿಬ್ಬರೂ ಕೆಲಸ ಹಂಚಿಕೊಂಡರು. ಕ್ರಿಸ್ಟೆನ್ಸೆನ್ ಕ್ರಮವಿಧಿಯನ್ನು ಬರೆದ. ಸೂಸ್ ಯಂತ್ರದ ಭಾಗಗಳನ್ನು ಕೂಡಿಸಿದ. 1978ರ ಫೆಬ್ರವರಿ 16ರಂದು ಅದು ಕರೆಗಳಿಗೆ ತೆರೆಯಿತು. ನಿಜವಾಗಿ ಎರಡೇ ವಾರದಲ್ಲಿ ಕೆಲಸ ಮುಗಿದಿತ್ತೆಂದೂ, ಯಾರೂ ನಂಬಲಾರರೆಂದು ಒಂದು ತಿಂಗಳೆಂದು ಹೇಳಿದೆವೆಂದೂ ಕ್ರಿಸ್ಟೆನ್ಸೆನ್ ಮುಂದೆ ಹೇಳಿದ್ದುಂಟು. ಸಾಧನೆಯನ್ನು ಹೆಚ್ಚಿಸಿ ಹೇಳುವವರೇ ತುಂಬಿರುವ ಲೋಕದಲ್ಲಿ ಇದೊಂದು ಅಪರೂಪದ ಸುಳ್ಳು.

ಯಂತ್ರವನ್ನು ಯಾರ ಮನೆಯಲ್ಲಿ ಇಡಬೇಕು? ಕ್ರಿಸ್ಟೆನ್ಸೆನ್ ಇದ್ದದ್ದು ನಗರದ ಹೊರವಲಯದಲ್ಲಿ. ಅಲ್ಲಿಗೆ ಕರೆಮಾಡಿದರೆ ಊರಿನ ಬಹುಪಾಲು ಜನಕ್ಕೆ ಹೆಚ್ಚಿನ ದರ ಬೀಳುತ್ತಿತ್ತು. ಸೂಸನ ಮನೆ ನಗರದೊಳಗೆ. ಆದ್ದರಿಂದ ಯಂತ್ರ ಸೂಸನ ಮನೆ ಸೇರಿತು. ನೋಡಿ, ಧರ್ಮಛತ್ರವನ್ನು ಎಲ್ಲಿ ಕಟ್ಟಿಸಬೇಕೆಂದು ಹಿಂದಿನವರು ಯೋಚಿಸುತ್ತಿದ್ದಂತೆಯೇ ಇವರೂ ಯೋಚಿಸಿದರು: ನಮಗೆ ಅನುಕೂಲವೆಲ್ಲಿ ಎಂದಲ್ಲ, ಬರುವವನಿಗೆ ಸುಲಭವೆಲ್ಲಿ ಎಂದು.

ಆ ಯಂತ್ರದ ನಡೆವಳಿಕೆಯೂ ಸ್ವಾರಸ್ಯವಾಗಿತ್ತು. ದೂರವಾಣಿಯ ಗಂಟೆಯೇ ಅದನ್ನು ಎಬ್ಬಿಸುತ್ತಿತ್ತು. ಗಂಟೆ ಬಂದಾಗ ಗಣಕ ಮೊದಲಿನಿಂದ ಆರಂಭಗೊಂಡು, ಫ್ಲಾಪಿ ತಟ್ಟೆಯಿಂದ ತನ್ನ ಕ್ರಮವಿಧಿಯನ್ನು ಓದಿಕೊಂಡು ಅತಿಥಿಯ ಮುಂದೆ ನಿಲ್ಲುತ್ತಿತ್ತು. ಬಂದವನು ತನ್ನ ಕೀಲಿಮಣೆಯ ಒಂದು ಗುಂಡಿಯನ್ನು ನಾಲ್ಕಾರು ಸಲ ಒತ್ತಬೇಕು. ಆ ಒತ್ತುವಿಕೆಯಿಂದ ಅವನ ಯಂತ್ರದ ವೇಗ 110 ಬಿಟ್ಟೋ 300 ಬಿಟ್ಟೋ ಎಂದು ಇದು ಗ್ರಹಿಸಿ, ಅವನ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಳ್ಳುತ್ತಿತ್ತು. ಒಂದೇ ತಂತಿ, ಆದ್ದರಿಂದ ಒಂದು ಹೊತ್ತಿಗೆ ಒಬ್ಬನೇ ಅತಿಥಿ. ಉಳಿದವರಿಗೆ ತಂತಿ ಖಾಲಿಯಿಲ್ಲವೆಂಬ ಸದ್ದು. ಒಬ್ಬ ಹಲಗೆಯ ಮೇಲೆ ಪ್ರಶ್ನೆ ಬರೆದು ಹೋದರೆ ಇನ್ನೊಬ್ಬ ರಾತ್ರಿ ಬಂದು ಉತ್ತರ ಬರೆಯುವನು. ಇಬ್ಬರೂ ಎಂದೂ ಮುಖಾಮುಖಿಯಾಗುತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬೈಟ್ ಎಂಬ ಪತ್ರಿಕೆಯಲ್ಲಿ ಇಬ್ಬರೂ ಇದರ ವಿವರವನ್ನು ಬರೆದರು. ಅದನ್ನು ಓದಿದವರಲ್ಲಿ ಎಷ್ಟೋ ಜನ ತಮ್ಮ ತಮ್ಮ ಊರುಗಳಲ್ಲಿ ಇಂಥದನ್ನು ಹೂಡಿದರು.

ಕ್ರಿಸ್ಟೆನ್ಸೆನ್ 1977ರಲ್ಲಿಯೇ ಮಾಡಿದ್ದ ಇನ್ನೊಂದು ಕೆಲಸ ಹಸ್ತಪ್ರತಿಗಳ ನಡುವೆ ಕಾಲಕಳೆದ ನನ್ನಂಥವನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ತಂತಿಯಲ್ಲಿ ಗರಗರ ಶಬ್ದ ಸೇರಿದರೆ ಅಕ್ಷರ ಕೆಡುತ್ತದೆ. ಮಾತಿನ ನಡುವೆ ಒಂದಕ್ಷರ ಕೆಟ್ಟರೆ ಓದುವವನು ಊಹಿಸಿಕೊಂಡಾನು. ಕ್ರಮವಿಧಿಯಲ್ಲಿ ಕೆಟ್ಟರೆ ಯಂತ್ರವೇ ಎಡವುತ್ತದೆ. ಆದ್ದರಿಂದ ಅವನು ಬರಹವನ್ನು 128 ಅಕ್ಷರಗಳ ತುಂಡುಗಳಾಗಿ ಕಡಿದ. ಪ್ರತಿ ತುಂಡಿಗೂ ಒಂದು ಸಂಖ್ಯೆ, ಕೊನೆಯಲ್ಲಿ ಎಲ್ಲ ಅಕ್ಷರಗಳ ಬೆಲೆಯನ್ನು ಕೂಡಿಸಿದ ಒಂದು ಮೊತ್ತ. ಪಡೆದ ಯಂತ್ರ ತಾನೂ ಕೂಡಿಸಿ ನೋಡಿ, ತಾಳೆಯಾದರೆ ‘ಸರಿ’ ಎನ್ನುತ್ತದೆ, ಇಲ್ಲವಾದರೆ ‘ಇನ್ನೊಮ್ಮೆ’ ಎನ್ನುತ್ತದೆ. ಎಕ್ಸ್‌ಮೋಡೆಮ್ ಎಂದು ಹೆಸರಾದ ಈ ಕ್ರಮವನ್ನು ಅವನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟ. ನಮ್ಮ ಓಲೆಗರಿಯ ಲಿಪಿಕಾರರು ಪ್ರತಿ ಮಾಡಿ ಮುಗಿಸಿ, ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ವಿನಯದಿಂದ ಬೇಡಿಕೊಂಡರು. ಅಕ್ಷರಗಳ ಮೊತ್ತವನ್ನೂ ಗರಿಯ ಅಂಚಿನಲ್ಲಿ ಬರೆದಿಟ್ಟಿದ್ದರೆ ಗ್ರಂಥಸಂಪಾದಕರ ಕಣ್ಣು ಎಷ್ಟು ಉಳಿಯುತ್ತಿತ್ತು!

1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಬಂದ ಮೇಲೆ ಬೆಸುಗೆಯ ಕೆಲಸ ತಿಳಿಯದವರಿಗೂ ಈ ದಾರಿ ತೆರೆಯಿತು. ಕೀಲಿಮಣೆಯಿಂದಲೇ ಮೋಡೆಮ್ಮಿಗೆ ಅಪ್ಪಣೆ ಕೊಡಬಹುದಾಯಿತು. ಅದರೊಳಗೆ ಎಸ್-ಸೊನ್ನೆ ಎಂಬ ಒಂದು ಗೂಡು. ಆ ಗೂಡಿನಲ್ಲಿ ಸೊನ್ನೆ ಇದ್ದರೆ ಮೋಡೆಮ್ ಗಂಟೆಗೆ ಕಿವುಡು. ಒಂದು ಎಂದು ಬರೆದರೆ ಮೊದಲ ಗಂಟೆಗೇ ಓಗೊಡುತ್ತದೆ, ನಾಲ್ಕು ಎಂದರೆ ನಾಲ್ಕನೆಯ ಗಂಟೆಗೆ. ಮನೆಯ ಬಾಗಿಲನ್ನು ಲೋಕಕ್ಕೆ ತೆರೆಯುವುದು ಎಂದರೆ ಒಂದು ಸೊನ್ನೆಯನ್ನು ಅಳಿಸಿ ಒಂದನ್ನು ಬರೆಯುವುದು, ಇಷ್ಟೇ.

ತೆರೆಯುವುದು ಸುಲಭ; ಮುಚ್ಚುವುದರಲ್ಲಿಯೇ ಇತ್ತು ಎಲ್ಲ ಜಾಣತನ. ಅತಿಥಿ ಹೇಳಿಕೇಳಿ ಹೊರಟರೆ ಸರಿ. ಮಾತಿನ ನಡುವೆಯೇ ಅವನ ತಂತಿ ಕಡಿದರೆ? ಮೋಡೆಮ್ ಇದನ್ನು ಗಮನಿಸಿ, ಗಣಕಕ್ಕೆ ಹೋಗುವ ಒಂದು ಪ್ರತ್ಯೇಕ ತಂತಿಯ ಮೂಲಕ ‘ಆ ಕಡೆಯ ಸ್ವರ ನಿಂತಿದೆ’ ಎಂದು ತಿಳಿಸಬೇಕು. ಗಣಕ ಕೂಡಲೇ ಹಳೆಯ ಅತಿಥಿಯ ವ್ಯವಹಾರವನ್ನು ಮುಗಿಸಿ, ಬಾಗಿಲು ಹಾಕಿ, ಹೊಸಬನಿಗಾಗಿ ಕಾಯಬೇಕು. ಈ ಒಂದು ತಂತಿಯನ್ನು ಜೋಡಿಸದೆ ಬಿಟ್ಟ ಮನೆಯಲ್ಲಿ, ಮುಂದೆ ಬಂದವನು ಹಿಂದಿನವನು ಬಿಟ್ಟುಹೋದ ಜಾಗದಲ್ಲಿಯೇ, ಅವನ ಹೆಸರಿನಲ್ಲಿಯೇ, ಒಳಗೆ ನಿಂತಿರುತ್ತಿದ್ದ. ಹಿಂದಿನವನು ಮನೆಯ ಯಜಮಾನನೇ ಆಗಿದ್ದರೆ ಹೊಸಬನ ಕೈಗೆ ಬೀಗದ ಕೈಗೊಂಚಲೇ ಸಿಕ್ಕಂತೆ.

ಯಜಮಾನನಿಗೂ ಅತಿಥಿಗೂ ನಡುವೆ ಇನ್ನೊಂದು ಸೂಕ್ಷ್ಮವಿತ್ತು. ಬಂದವನು ಒತ್ತಿದ ಪ್ರತಿಯೊಂದು ಅಕ್ಷರವೂ ಮನೆಯವನ ತೆರೆಯ ಮೇಲೆ ಮೂಡುತ್ತಿತ್ತು. ಬೇಕೆಂದರೆ ಅವನು ನಡುವೆ ಪ್ರವೇಶಿಸಿ ‘ನಮಸ್ಕಾರ’ ಎಂದು ಬರೆಯಬಹುದಾಗಿತ್ತು. ಅತಿಥಿಗಳು ಒಬ್ಬರಿಗೊಬ್ಬರು ಬರೆದ ಗುಟ್ಟಿನ ಪತ್ರಗಳೂ ಅವನ ಮನೆಯ ಪೆಟ್ಟಿಗೆಯಲ್ಲಿಯೇ ಇದ್ದವು. ಅವನು ಓದುವುದಿಲ್ಲ ಎಂಬ ಭರವಸೆಯ ಹೊರತು ಅವರಿಗೆ ಬೇರೆ ರಕ್ಷೆ ಇರಲಿಲ್ಲ. ಆದರೆ ಆ ಭರವಸೆ ಇಟ್ಟದ್ದು ಯಾರ ಮೇಲೆ ಎಂಬುದು ಅವರಿಗೆ ಗೊತ್ತಿತ್ತು. ಅದೇ ಊರಿನವನು, ಹೆಸರಿನಿಂದ ಬಲ್ಲವನು, ಬೇಕೆಂದರೆ ಹೋಗಿ ಜಗಳವಾಡಬಹುದಾದವನು.

ಈಗ ನಮ್ಮವನ ವಿಷಯ. ಬಿ.ಎಸ್ಸಿ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದ್ದ ಹುಡುಗನೊಬ್ಬ 1990ರ ದಶಕದ ಆರಂಭದಲ್ಲಿ ಅಮೆರಿಕ ಸೇರಿದ. ಅಲ್ಲಿ ಒಂದು ಸಣ್ಣ ಊರಿನಲ್ಲಿ ಸಂಸಾರ ಹೂಡಿ, ಮನೆಯ ಮೂಲೆಯಲ್ಲಿ ಇಂಥ ಯಂತ್ರವೊಂದನ್ನು ಇಟ್ಟುಕೊಂಡ. ವಿಮಾನದಂಚೆಯ ನೀಲಿ ಕಾಗದದಲ್ಲಿ ನನಗೆ ಅದರ ಸಮಾಚಾರವೆಲ್ಲ ಬರುತ್ತಿತ್ತು. ಮನೆಗೆ ಇದ್ದದ್ದು ಒಂದೇ ದೂರವಾಣಿ. ಹಗಲು ಮನುಷ್ಯರಿಗೆ, ರಾತ್ರಿ ಹನ್ನೊಂದರಿಂದ ಯಂತ್ರಕ್ಕೆ ಎಂದು ಏರ್ಪಾಡು ಮಾಡಿದ್ದ. ಅಲ್ಲಿಯ ರಾತ್ರಿ ಇಲ್ಲಿಯ ಬೆಳಗು ಎಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಆದರೆ ಹಾಸನದಲ್ಲಿದ್ದ ಅವನ ತಂದೆ ತಾವಾಗಿಯೇ ಕರೆಮಾಡುವ ದುಂದಿನವರಾಗಿರಲಿಲ್ಲ. ಒಂದು ಬೆಳಗ್ಗೆ ಯಾವುದೋ ತುರ್ತಿಗೆ ಅವರು ಎಸ್.ಟಿ.ಡಿ. ಬೂತಿಗೆ ಹೋಗಿ ಮಗನ ಸಂಖ್ಯೆಯನ್ನು ತಿರುಗಿಸಿದರು. ಆ ಕಡೆ ತಟ್ಟನೆ ಎತ್ತಿಕೊಂಡಿತು. ಇವರು ಮಗನ ಹೆಸರು ಹಿಡಿದು ಕರೆದರು. ಉತ್ತರವಾಗಿ ಬಂದದ್ದು ಎಡೆಬಿಡದ ಸಿಳ್ಳು. ಗೋಡೆಯ ಮೇಲೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅಂದು ಸಂಜೆ ನಮ್ಮ ಮನೆಗೆ ಕರೆಮಾಡಿ, “ಮೇಷ್ಟ್ರೇ, ನಮ್ಮ ಹುಡುಗನ ಮನೇಲಿ ಯಾರೋ ಫೋನೆತ್ತಿ ಸಿಳ್ಳು ಹಾಕ್ತಾರೆ. ಅವನಿಗೇನೂ ಆಗಿಲ್ಲ ತಾನೆ?” ಎಂದು ಕೇಳಿದರು. ಅವರ ದನಿಯಲ್ಲಿ ನಡುಕವಿತ್ತು. ಯಂತ್ರದ ವಿಷಯವನ್ನು ಅವರಿಗೆ ತಿಳಿಸಿ ಹೇಳುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಅವರು ಪೂರ್ತಿ ನಂಬಿದರೆಂದು ಈಗಲೂ ಹೇಳಲಾರೆ.

ಸುದ್ದಿ ತಿಳಿದು ಮಗ ಕಳವಳಪಟ್ಟ. ಒಂದೇ ತಂತಿಯವರು ಅಲ್ಲೆಲ್ಲ ಬಳಸುತ್ತಿದ್ದ ಉಪಾಯವೊಂದನ್ನು ಅವನೂ ಹಿಡಿದ. ಯಂತ್ರಕ್ಕೆ ಬರುವವರು ಮೊದಲು ಒಂದು ಗಂಟೆ ಬಾರಿಸಿ ಇಟ್ಟುಬಿಡಬೇಕು, ಅರೆನಿಮಿಷದೊಳಗೆ ಮತ್ತೆ ಕರೆಯಬೇಕು. ಆಗ ಮಾತ್ರ ಯಂತ್ರ ಎತ್ತುತ್ತದೆ. ಎಡೆಬಿಡದೆ ಬಾರಿಸುವ ಗಂಟೆ ಮನುಷ್ಯರದು. ‘ಮಿಸ್ಡ್ ಕಾಲ್’ ಎಂಬ ನಮ್ಮ ದೇಶದ ಮಹಾವಿದ್ಯೆಯ ಪೂರ್ವಜನೆಂದು ಇದನ್ನು ಕರೆಯಬಹುದು. ತಂದೆಗೆ ಮಗನ ದನಿ ಸಿಕ್ಕಿತು. ಆದರೆ ರಾತ್ರಿಯೆಲ್ಲ ಮನೆಯಲ್ಲಿ ಒಂದೊಂದು ಒಂಟಿ ಗಂಟೆ! ಆರು ತಿಂಗಳ ಕೂಸು ಎದ್ದು ಅಳುವುದು, ತಾಯಿ ತೂಗುವುದು. ಕೊನೆಗೆ ಆ ಹೆಣ್ಣುಮಗಳು, ಮನೆಗೆ ಒಂದು ತಂತಿ, ಯಂತ್ರಕ್ಕೊಂದು ತಂತಿ, ಇಲ್ಲವಾದರೆ ಯಂತ್ರ ಬೇಡ ಎಂದು ತೀರ್ಪು ಕೊಟ್ಟಳಂತೆ. ಎರಡನೆಯ ತಂತಿ ಬಂದಿತು. ತಿಂಗಳು ತಿಂಗಳೂ ಅದರ ಬಾಡಿಗೆಯನ್ನು ಅವನೇ ಕೊಟ್ಟ. ಬಂದುಹೋಗುವವರಿಂದ ಬಿಡಿಗಾಸು ಪಡೆಯಲಿಲ್ಲ. ಇದರಿಂದ ನಿನಗೇನು ಬಂತಪ್ಪಾ ಎಂದು ನಾನು ಬರೆದು ಕೇಳಿದ್ದೆ. “ಬೆಳಗ್ಗೆ ಎದ್ದು ರಾತ್ರಿ ಯಾರು ಯಾರು ಬಂದಿದ್ದರು ಎಂದು ನೋಡುವುದು, ಅಷ್ಟೇ ಸಾರ್” ಎಂಬ ಉತ್ತರ ಬಂದಿತು.

ಅವನ ಪತ್ರದಲ್ಲಿದ್ದ ಒಂದು ಕೊರಗನ್ನೂ ಹೇಳಬೇಕು. ಸುತ್ತಲಿನ ನಾಲ್ಕಾರು ಕನ್ನಡದ ಮನೆಗಳವರು ಅವನ ಹಲಗೆಗೆ ಬರುತ್ತಿದ್ದರು, ಆದರೆ ಕನ್ನಡ ಅಕ್ಷರ ಅಲ್ಲಿಗೆ ಬರುವಂತಿರಲಿಲ್ಲ. ಆ ಯಂತ್ರಗಳ ಅಕ್ಷರಮಾಲೆಯಲ್ಲಿ ಇದ್ದದ್ದು 128 ಮನೆಗಳು. ಎಲ್ಲವೂ ರೋಮನ್ ಅಕ್ಷರ, ಅಂಕಿ, ಚಿಹ್ನೆ, ಅಪ್ಪಣೆಗಳಿಂದ ಭರ್ತಿ. ಭಾರತೀಯ ಲಿಪಿಗಳಿಗೆ ನಮ್ಮ ಮಾನಕ ಸಂಸ್ಥೆ 1991ರಲ್ಲಿ ಸಂಕೇತವನ್ನು ನಿಗದಿಮಾಡಿತ್ತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಕಾಗದದ ಮೇಲಿನ ಸ್ಥಾನ ಮನೆಯ ತೆರೆಯ ಮೇಲೆ ಅಕ್ಷರವಾಗಿ ಮೂಡಲು ಇನ್ನೂ ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ಅವರು ರೋಮನ್ ಲಿಪಿಯಲ್ಲೇ ಕನ್ನಡ ಬರೆದರು. ಕಾಲಿಗೂ ಕಾಳಿಗೂ, ಕಲ್ಲಿಗೂ ಕಳ್ಳಿಗೂ ಅಲ್ಲಿ ಭೇದವಿಲ್ಲ. ಒಬ್ಬರು ಊರಿನ ಜಾತ್ರೆಯ ನೆನಪಿನಲ್ಲಿ ಕಲ್ಲಿನ ತೇರಿನ ವಿಷಯ ಬರೆದರೆ ಇನ್ನೊಬ್ಬರು ಅದಕ್ಕೆ ಬೇರೆಯೇ ಅರ್ಥ ಹಚ್ಚಿ ನಕ್ಕಿದ್ದರಂತೆ.

ತೆರೆದ ಬಾಗಿಲಿಗೆ ಕಳ್ಳರೂ ಬಂದರು. 1983ರಲ್ಲಿ ಮಿಲ್ವಾಕಿ ಊರಿನ ಕೆಲವು ತರುಣರು, ಆ ಊರಿನ ದೂರವಾಣಿ ಸಂಖ್ಯೆಯಾದ 414 ಎಂಬ ಹೆಸರನ್ನೇ ಇಟ್ಟುಕೊಂಡು, ದೂರವಾಣಿಯ ಮೂಲಕ ದೊಡ್ಡ ದೊಡ್ಡ ಸಂಸ್ಥೆಗಳ ಗಣಕಗಳನ್ನು ಹೊಕ್ಕರು. ಹೊಕ್ಕ ಸ್ಥಳಗಳಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯವೂ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯೂ ಇದ್ದವು. ಕಾರ್ಖಾನೆಯಿಂದ ಬಂದಾಗ ಇದ್ದ ಗುಪ್ತಪದವನ್ನು ಯಾರೂ ಬದಲಿಸದೆ ಬಿಟ್ಟದ್ದೇ ಅವರಿಗೆ ಸಿಕ್ಕ ದೊಡ್ಡ ಕೀಲಿಕೈ. ಅದೇ ವರ್ಷ ತೆರೆಕಂಡ ‘ವಾರ್‌ಗೇಮ್ಸ್’ ಎಂಬ ಚಿತ್ರದಲ್ಲಿ ಹುಡುಗನೊಬ್ಬ ಊರಿನ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಕರೆದು, ಸಿಳ್ಳಿನಿಂದ ಓಗೊಡುವ ಯಂತ್ರಗಳನ್ನು ಪತ್ತೆಹಚ್ಚುತ್ತಾನೆ. ಮನೆಯವರೂ ಎಚ್ಚತ್ತರು. ಒಂದು ಜಾಣ ಉಪಾಯ ಬಳಕೆಗೆ ಬಂದಿತು: ಬಂದವನು ಹೆಸರು, ಗುಪ್ತಪದ ಹೇಳಿದೊಡನೆ ಯಂತ್ರ ಕರೆಯನ್ನು ಕಡಿದು, ಆ ಹೆಸರಿನ ಮುಂದೆ ಮೊದಲೇ ಬರೆದಿಟ್ಟಿದ್ದ ಸಂಖ್ಯೆಗೆ ತಾನೇ ಮರಳಿ ಕರೆಮಾಡುವುದು. ಗುಪ್ತಪದವನ್ನು ಕದ್ದವನು ಮನೆಯನ್ನೂ ಕದಿಯಲಾರನಷ್ಟೆ. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫೈಡೋನೆಟ್ ಎಂಬ ಏರ್ಪಾಡಿನಲ್ಲಿ ಇಂಥ ಮನೆಗಳು ದರ ಕಡಿಮೆಯಿರುವ ರಾತ್ರಿಯ ವೇಳೆಯಲ್ಲಿ ಒಂದನ್ನೊಂದು ಕರೆದು ಪತ್ರಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದವು. ಅದರ ಉಚ್ಛ್ರಾಯದ ದಿನಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಕೇಂದ್ರಗಳಿದ್ದವು, ಭಾರತದಲ್ಲಿಯೂ ಕೆಲವು.

ಇಷ್ಟು ಬೆಳೆದದ್ದು ಏಕೆ ನಿಂತಿತು? ಅಂತರ್ಜಾಲ ಬಂದಿತು, ಇದು ಹೋಯಿತು ಎಂದು ಹೇಳಿಬಿಡುವುದು ವಾಡಿಕೆ. ಆ ಮಾತು ನನಗೆ ಒಪ್ಪಿಗೆಯಾಗದು. ಮನೆಯ ಗಣಕವನ್ನು ಓಗೊಡುವಂತೆ ಹೂಡುವ ಸಲಕರಣೆ ಆಗ ಇನ್ನೂ ಸುಲಭವಾಗುತ್ತಲೇ ಇತ್ತು. ವಿಂಡೋಸ್ 98ರಲ್ಲಿ ಅದಕ್ಕೆಂದೇ ಒಂದು ಅಂಗವಿತ್ತು, ನಾಲ್ಕು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೆ ಅದೇ 1998ರಲ್ಲಿ ವಿ-90 ಎಂಬ ಹೊಸ ಮಾನಕ ಬಂದು, ಮನೆಯ ಮೋಡೆಮ್ಮಿಗೆ 56 ಸಾವಿರ ಬಿಟ್ ವೇಗದ ಆಸೆ ತೋರಿಸಿತು. ಅದರ ಒಳಗುಟ್ಟು ಇಷ್ಟು: ಆ ವೇಗ ಸಿಕ್ಕಬೇಕಾದರೆ ಓಗೊಡುವ ತುದಿಯು ದೂರವಾಣಿ ಕೇಂದ್ರಕ್ಕೆ ಅಂಕಿಗಳ ರೂಪದಲ್ಲಿಯೇ ನೇರವಾಗಿ ಸೇರಿರಬೇಕು. ಅಂಥ ಸಂಪರ್ಕ ಕಂಪನಿಗಳಿಗೆ ಉಂಟು, ಮನೆಗಳಿಗೆ ಇಲ್ಲ. ಒಂದು ಮನೆ ಇನ್ನೊಂದು ಮನೆಯನ್ನು ಕರೆದರೆ ಮೊದಲಿನಂತೆ 33.6 ಸಾವಿರವೇ ಗರಿಷ್ಠ ಮಿತಿ. ಅಂದರೆ ಕಂಪನಿಯನ್ನು ಕರೆದವನಿಗೆ ಬಹುಮಾನ, ನೆರೆಯವನನ್ನು ಕರೆದವನಿಗೆ ಹಳೆಯ ನಡಿಗೆ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ದೂರವಾಣಿ ಜಾಲದ ರಚನೆಯೇ ಹಾಗೆ. ಆದರೆ ಓಗೊಡುವುದು ಕಂಪನಿಯ ಕೆಲಸ, ಕರೆಯುವುದು ಮನೆಯ ಕೆಲಸ ಎಂಬ ವಿಂಗಡಣೆ ಅಲ್ಲಿಂದ ಗಟ್ಟಿಯಾಯಿತು.

ಮುಂದೆ ಬಂದ ಸಂಪರ್ಕಗಳೂ ಇದೇ ಜಾಡಿನವು. ದೂರವಾಣಿ ತಂತಿಯ ಮೇಲೆಯೇ ಬಂದ ಎ.ಡಿ.ಎಸ್.ಎಲ್. ಪದ್ಧತಿಯಲ್ಲಿ ಮನೆಗೆ ಬರುವ ದಾರಿ ಅಗಲ, ಮನೆಯಿಂದ ಹೊರಡುವ ದಾರಿ ಕಿರಿದು. ಕೈಯಲ್ಲಿ ಹಿಡಿದು ತಿರುಗುವ ಫೋನಿನ ಸಂಪರ್ಕದಲ್ಲಾದರೆ ಎಷ್ಟೋ ಕಡೆ ನೂರಾರು ಗಿರಾಕಿಗಳಿಗೆ ಕಂಪನಿ ಒಂದೇ ವಿಳಾಸವನ್ನು ಹಂಚಿರುತ್ತದೆ. ಒಳಗಿನಿಂದ ಹೊರಗೆ ಯಾರನ್ನು ಬೇಕಾದರೂ ಕರೆಯಬಹುದು. ಹೊರಗಿನವನು ಒಳಗಿನ ಒಬ್ಬನನ್ನು ನೆಟ್ಟಗೆ ಕರೆಯುವಂತಿಲ್ಲ. ನಮ್ಮ ಪತ್ರ, ಭಾವಚಿತ್ರ, ಹರಟೆ ಎಲ್ಲವೂ ನಾವು ಕಾಣದ ಕಟ್ಟಡಗಳಲ್ಲಿವೆ. ಅವುಗಳ ಯಜಮಾನನ ಮನೆ ಯಾವುದೆಂದು ನಮಗೆ ತಿಳಿಯದು. ಸೌಕರ್ಯ ಹೆಚ್ಚಿದೆ, ಅದನ್ನು ನಾನು ಅಲ್ಲಗಳೆಯಲಾರೆ. ದೂರದಲ್ಲಿರುವ ಮೊಮ್ಮಗಳ ಮುಖವನ್ನು ನಾನೂ ದಿನವೂ ಅದರಲ್ಲಿಯೇ ನೋಡುತ್ತೇನೆ. ಆದರೆ ಮನೆಗಳಲ್ಲಿದ್ದ ಜಗುಲಿಯನ್ನು ತೆಗೆದು ಪೇಟೆಯಲ್ಲಿ ಒಂದು ದೊಡ್ಡ ಸಭಾಂಗಣವನ್ನು ಕಟ್ಟಿಕೊಟ್ಟಂತಾಗಿದೆ.

ಎ.ಓ.ಎಲ್. ಎಂಬ ಅಮೆರಿಕದ ಕಂಪನಿ 2025ರ ಸೆಪ್ಟೆಂಬರ್ 30ರಂದು ದೂರವಾಣಿ ಮೂಲಕ ಅಂತರ್ಜಾಲ ಒದಗಿಸುವ ಸೇವೆಯನ್ನು ನಿಲ್ಲಿಸಿದಾಗ ಲೋಕದ ಪತ್ರಿಕೆಗಳೆಲ್ಲ ಅದನ್ನು ಬರೆದವು. ಮನೆಗಳಲ್ಲಿ ಓಗೊಡುತ್ತಿದ್ದ ಯಂತ್ರಗಳು ಒಂದೊಂದಾಗಿ ಸುಮ್ಮನಾದ ದಿನಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ನನ್ನ ವಿದ್ಯಾರ್ಥಿ ತನ್ನ ಎರಡನೆಯ ತಂತಿಯನ್ನು 1999ರಲ್ಲಿ ತೆಗೆಸಿದ. ಕೊನೆಯ ಮೂರು ತಿಂಗಳು ರಾತ್ರಿ ಬರುತ್ತಿದ್ದವನು ಒಬ್ಬನೇ ಒಬ್ಬ, ನಿದ್ದೆ ಬಾರದ ಒಬ್ಬ ವೃದ್ಧ. ತಂತಿ ತೆಗೆಸುವ ಮೊದಲು ಅವನ ಮನೆಗೆ ಹೋಗಿ ಹೇಳಿಬಂದನಂತೆ.

ರ್‍ಯಾಂಡಿ ಸೂಸ್ 2019ರ ಡಿಸೆಂಬರಿನಲ್ಲಿ ತೀರಿಕೊಂಡ. ವಾರ್ಡ್ ಕ್ರಿಸ್ಟೆನ್ಸೆನ್ ತೀರಿಕೊಂಡದ್ದು 2024ರ ಅಕ್ಟೋಬರಿನಲ್ಲಿ. ಅವರ ಷಿಕಾಗೋ ಯಂತ್ರ ಮಾತ್ರ ತನಗೆ ಬಂದ ಕರೆಗಳ ಲೆಕ್ಕವನ್ನು ಇಟ್ಟುಕೊಂಡಿತ್ತು. ಕೆಲಸ ನಿಲ್ಲಿಸುವ ಹೊತ್ತಿಗೆ ಆ ಲೆಕ್ಕ 2,53,301 ತಲುಪಿತ್ತು.